ಹಳದಿ ಗೀಟಿನ ಬೋಲ್ಟ್

ತಣ್ಣಗಿದ್ದಾಗ ಆ ಕಾರು ಹಸುವಿನಂಥದ್ದು. ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಎದ್ದು, ಯಾರೋ ಒಳ್ಳೆಯ ಮನಸ್ಸಿನಲ್ಲಿದ್ದವರು ಗುನುಗಿದಂತೆ ಸದ್ದು ಮಾಡುತ್ತಾ ನಿಲ್ಲುತ್ತಿತ್ತು. ಇಪ್ಪತ್ತು ನಿಮಿಷ ಕಳೆದು ಎಂಜಿನ್ ಕಾಯಿತೋ, ಎರಡು ಸಲ ಬಿಕ್ಕಿ, ಹಿಂದಿನಿಂದ ಕಪ್ಪು ಹೊಗೆ ಉಗುಳಿ ಸತ್ತುಹೋಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಕೀಲಿ ತಿರುಗಿಸಿದರೆ ಏನೂ ನಡೆದೇ ಇಲ್ಲವೆಂಬಂತೆ ಏಳುತ್ತಿತ್ತು. ಒಂಬತ್ತು ದಿನದಿಂದ ನಮ್ಮ ವರ್ಕ್‌ಶಾಪಿನಲ್ಲಿ ಇದೇ ನಾಟಕ.

ಕಾರಿಗೆ ಐವತ್ತು ವರ್ಷ. ಅದರ ಧಣಿ ಅದನ್ನು ಯಾವುದೋ ಗೋದಾಮಿನಲ್ಲಿ ಇಲಿಗಳ ಬಾಯಿಂದ ಬಿಡಿಸಿ ತಂದಿದ್ದ. ನಾವು ಹನ್ನೊಂದು ಜನ ಎರಡು ವರ್ಷ ಹಿಡಿದು ಅದನ್ನು ಬಿಚ್ಚಿ ಹರಡಿ, ತುಕ್ಕು ಕೆರೆದು, ತಗಡು ಬೆಸೆದು ಮತ್ತೆ ನಿಲ್ಲಿಸಿದ್ದೆವು. ಅದರ ವೈರಿಂಗನ್ನು ಮೊದಲಿಂದ ಕೊನೆಯವರೆಗೆ ಕೈಯಲ್ಲಿ ಹೆಣೆದವನು ನನ್ನ ಅಪ್ಪ. ಬಣ್ಣ ಹೊಡೆದವನು ನನ್ನ ಅಣ್ಣ. ಮೀಟರು ಹಿಡಿದು ಕರೆಂಟು ಎಲ್ಲಿಯವರೆಗೆ ಹೋಗುತ್ತಿದೆ, ಎಲ್ಲಿ ನಿಲ್ಲುತ್ತಿದೆ ಎಂದು ನೋಡುವವಳು ನಾನು. ಒಂದೇ ಮನೆಯ ಮೂವರ ಬೆವರು ಕುಡಿದ ಕಾರು ಅದು. ಆದರೂ ಪರೀಕ್ಷೆಗೆಂದು ಒಳಗೆ ಕೂರುವಾಗ ನಾನು ಸೀಟಿನ ಮೇಲೆ ಬಟ್ಟೆ ಹಾಸಿ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು.

ಮ್ಯಾನೇಜರ ಮೇಜಿನ ಮೇಲೆ ಒಂದು ಚೀಟಿ ಪುಸ್ತಕವಿತ್ತು. ದೋಷ ಸಿಕ್ಕಿದ ಕೂಡಲೇ ಅದರಲ್ಲಿ ಮೂರು ಸಾಲು ತುಂಬಬೇಕು: ಏನು ದೋಷ, ಎಲ್ಲಿ, ಯಾರ ಕೈ. ಒಬ್ಬರ ಹೆಸರಿನಲ್ಲಿ ಮೂರು ಚೀಟಿ ಆದರೆ ಕೆಲಸ ಹೋಯಿತು. ಅಷ್ಟೇ ಅಲ್ಲ, ಹೋದವರ ಹೆಸರು ಅದೇ ದಿನ ಫೋನಿನಲ್ಲಿ ಉಳಿದ ವರ್ಕ್‌ಶಾಪುಗಳಿಗೂ ತಲುಪುತ್ತಿತ್ತು. ಆ ಚೀಟಿಯಲ್ಲಿ ಕೈಗೆ ಜಾಗವಿತ್ತು, ಬಾಯಿಗೆ ಇರಲಿಲ್ಲ. ಹೀಗೆ ಮಾಡು ಎಂದು ಹೇಳಿದವರು ಯಾರು ಎಂಬುದಕ್ಕೆ ನಾಲ್ಕನೆಯ ಸಾಲನ್ನು ಯಾರೂ ಅಚ್ಚು ಹಾಕಿಸಿರಲಿಲ್ಲ. ಅಣ್ಣನ ಹೆಸರಿನಲ್ಲಿ ಆಗಲೇ ಎರಡು ಚೀಟಿ ಇದ್ದವು. ಒಂದು, ಕಂಪ್ರೆಸರಿನ ಫಿಲ್ಟರು ಬದಲಿಸಿಕೊಡಿ ಎಂದು ಅವನು ತಿಂಗಳುಗಟ್ಟಲೆ ಗೋಗರೆದು, ಯಾರೂ ಕೊಡದೆ, ಕೊನೆಗೆ ಬಣ್ಣದ ಮೇಲೆ ದೂಳು ಕೂತದ್ದಕ್ಕೆ. ಇನ್ನೊಂದು, ತಪ್ಪು ಬಣ್ಣದ ಡಬ್ಬಿ ತರಿಸಿ ಕೊಟ್ಟವರು ಬೇರೆಯಾದರೂ ಅದನ್ನು ಹೊಡೆದ ಕೈ ಅವನದಾದದ್ದಕ್ಕೆ. ಅಪ್ಪನ ಹೆಸರಿನಲ್ಲಿ ಮೂವತ್ತೊಂದು ವರ್ಷದಲ್ಲಿ ಒಂದೂ ಇರಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಕೆಲಸ ಮುಗಿದ ಬೋಲ್ಟಿನ ತಲೆಯಿಂದ ಪಕ್ಕದ ತಗಡಿನವರೆಗೆ ಹಳದಿ ಬಣ್ಣದ ಒಂದು ಗೀಟು ಎಳೆಯುತ್ತಿದ್ದರು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೀಟು ಮುರಿದು ಕಾಣುತ್ತದೆ. ಚೀಟಿ ಬರೆಯದೆ ಹಳದಿ ಗೀಟಿನ ಬೋಲ್ಟನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮುಟ್ಟಿದವರ ಹೆಸರಿಗೇ ಚೀಟಿ.

ಆ ಸೋಮವಾರ ಮ್ಯಾನೇಜರ್ ಎಲ್ಲರನ್ನೂ ಕಾರಿನ ಸುತ್ತ ನಿಲ್ಲಿಸಿ ಹೇಳಿದ್ದು ಇಷ್ಟು: ಶುಕ್ರವಾರ ಮಧ್ಯಾಹ್ನ ಧಣಿ ಬರುತ್ತಾರೆ, ಭಾನುವಾರ ಹಳೆಯ ಕಾರುಗಳ ಪ್ರದರ್ಶನ. ಶುಕ್ರವಾರಕ್ಕೆ ಕಾರು ಓಡಬೇಕು, ಓಡದಿದ್ದರೆ ತಮ್ಮ ಕೈಯಲ್ಲಿ ಹೆಸರು ಬರೆದ ಚೀಟಿ ಇರಬೇಕು. ಹಾಗೆನ್ನುವಾಗ ಅವರು ನೋಡಿದ್ದು ಅಪ್ಪನನ್ನು. ಎಲ್ಲರೂ ಅಪ್ಪನನ್ನೇ ನೋಡಿದರು. ಕಾರು ಕೆಮ್ಮಿದರೆ ವೈರಿಂಗ್, ನಿಂತರೆ ವೈರಿಂಗ್. ಕಣ್ಣಿಗೆ ಕಾಣದ ಕೆಲಸ ಮಾಡುವವನ ತಲೆಯ ಮೇಲೆ ಗೂಬೆ ಕೂರಿಸುವುದು ಸುಲಭ.

ತಗಡು ಬಡಿಯುವವನು ಮಾತ್ರ ವಾತಾವರಣ ತಿಳಿಯಾಗಲೆಂದು ಒಂದು ಮಾತು ಬಿಸಾಕಿದ. "ಬಿಸಿಯಾದ್ರೆ ನಿಂತುಬಿಡತ್ತಂತೆ. ನಮ್ಮ ಮ್ಯಾನೇಜರ್ರೇ ವಾಸಿ, ಬಿಸಿಯಾದಷ್ಟೂ ಓಡಾಡ್ತಾರೆ." ನಾಲ್ಕು ಜನ ನಕ್ಕರು. ಅಪ್ಪ ನಗಲಿಲ್ಲ. ಅವನು ಬಾನೆಟ್ ಎತ್ತಿ, ತಾನು ಬಟ್ಟೆಯ ಟೇಪಿನಿಂದ ಸುತ್ತಿದ ತಂತಿಗಳ ಕಟ್ಟನ್ನು ಬೆರಳಿನಿಂದ ಸವರುತ್ತಾ ನಿಂತಿದ್ದ.

ಈ ಕಾರಿಗೆ ಕಾರ್ಬುರೇಟರ್ ಇಲ್ಲ. ಸೀಟಿನ ಕೆಳಗೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಕಂಪ್ಯೂಟರ್ ಪೆಟ್ಟಿಗೆ. ಎಂಜಿನ್ ಎಷ್ಟು ಬಿಸಿ ಇದೆ, ಎಷ್ಟು ಗಾಳಿ ಎಳೆಯುತ್ತಿದೆ ಎಂದು ಸೆನ್ಸರುಗಳು ಅದಕ್ಕೆ ಸುದ್ದಿ ಮುಟ್ಟಿಸುತ್ತವೆ. ಅದು ಲೆಕ್ಕ ಹಾಕಿ ನಾಲ್ಕು ಇಂಜೆಕ್ಟರುಗಳಿಗೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಅಪ್ಪಣೆ ಕೊಡುತ್ತದೆ. ಆ ಕಾಲಕ್ಕೆ ಅದೊಂದು ಪವಾಡ. ಈಗ ಅದರ ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ, ತಿಳಿದವರೂ ಸಿಗುವುದಿಲ್ಲ. ನನಗೆ ತಿಳಿದದ್ದೆಲ್ಲ ಅಪ್ಪ ಕಲಿಸಿದ್ದು. ಕರೆಂಟು ಹೋಗುವುದನ್ನು ಎಲ್ಲರೂ ನೋಡುತ್ತಾರೆ, ಅದು ವಾಪಸು ಬರುವ ದಾರಿಯನ್ನು ನೋಡು ಎಂದು ಅವನು ನನಗೆ ನೂರು ಸಲ ಹೇಳಿದ್ದ. ನೂರು ಸಲ ಹೇಳಿದ್ದರಿಂದಲೇ ನಾನು ಅದನ್ನು ಕೊನೆಗೆ ನೋಡಿದೆ.

ಸೋಮವಾರ ಪೆಟ್ರೋಲಿನ ಒತ್ತಡ ಅಳೆದೆ. ಕಾರು ಸಾಯುವ ಕ್ಷಣದಲ್ಲೂ ಮುಳ್ಳು ಅಲುಗಲಿಲ್ಲ; ಪಂಪು ಸರಿಯಿತ್ತು. ಮಂಗಳವಾರ ಇಂಜೆಕ್ಟರುಗಳನ್ನು ಒಂದೊಂದಾಗಿ ನೋಡಿದೆ, ನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಒಂದೇ ಅಳತೆ ತೋರಿಸಿದವು. ಬುಧವಾರ ಶಾಖದ ಸೆನ್ಸರನ್ನು ಬಿಚ್ಚಿ, ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ಅಳೆದೆ. ಅದೂ ಸತ್ಯವನ್ನೇ ಹೇಳುತ್ತಿತ್ತು. ಆದರೆ ಕಾರು ಸಾಯುವಾಗ ಉಗುಳುತ್ತಿದ್ದ ಕಪ್ಪು ಹೊಗೆಗೆ ಅರ್ಥ ಒಂದೇ: ಕಾದ ಎಂಜಿನ್ನನ್ನು ಕಂಪ್ಯೂಟರ್ ತಣ್ಣಗಿದೆಯೆಂದು ತಿಳಿದು, ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. ಸೆನ್ಸರು ಸತ್ಯ ಹೇಳುತ್ತಿದೆ, ಕಂಪ್ಯೂಟರಿಗೆ ಸುಳ್ಳು ಕೇಳಿಸುತ್ತಿದೆ. ಹಾಗಾದರೆ ಸತ್ಯ ಸುಳ್ಳಾಗುತ್ತಿರುವುದು ನಡುದಾರಿಯಲ್ಲಿ.

ಗುರುವಾರ ಬೆಳಿಗ್ಗೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಕಚ್ಚಿಸಿದೆ. ಇನ್ನೊಂದನ್ನು ಎಂಜಿನ್ನಿನ ಹಿಂದಿನ ತಗಡುಗೋಡೆಯ ಮೇಲಿದ್ದ ಅರ್ತ್ ಬೋಲ್ಟಿನ ಕೆಳಗಿನ ತಾಮ್ರದ ಬಳೆಗೆ ಹಿಡಿದೆ. ಇಂಜೆಕ್ಟರುಗಳ ವಾಪಸು ತಂತಿ, ಶಾಖದ ಸೆನ್ಸರಿನ ವಾಪಸು ತಂತಿ ಎಲ್ಲವೂ ಬಂದು ಕಾರಿನ ಮೈಯನ್ನು ಸೇರುವುದು ಆ ಬಳೆಯಲ್ಲಿ. ಅಲ್ಲಿ ಸೊನ್ನೆ ತೋರಬೇಕು. ತಣ್ಣಗಿರುವಾಗ ಹೆಚ್ಚುಕಡಿಮೆ ಸೊನ್ನೆಯೇ ಇತ್ತು. ಎಂಜಿನ್ ಕಾದಂತೆ ಅಂಕಿ ಏರತೊಡಗಿತು. ಕಾಲು ವೋಲ್ಟು, ಅರ್ಧ ವೋಲ್ಟು. ಮುಕ್ಕಾಲಿಗೆ ಬಂದಾಗ ಕಾರು ಬಿಕ್ಕಿತು. ಒಂದರ ಹತ್ತಿರ ಸತ್ತಿತು. ಕಡ್ಡಿಯನ್ನು ಬಳೆಯಿಂದ ಅರ್ಧ ಬೆರಳು ಆಚೆ, ಗೋಡೆಯ ಹಿಂಬದಿಯಲ್ಲಿ ಕಣ್ಣಿಗೆ ಬೀಳದ ಬರಿ ತಗಡಿಗೆ ಹಿಡಿದರೆ ಸೊನ್ನೆ. ಅಂದರೆ ಅಪ್ಪನ ತಂತಿ ಬಳೆಯವರೆಗೂ ಕರೆಂಟನ್ನು ಜೋಪಾನವಾಗಿ ತಂದು ಮುಟ್ಟಿಸುತ್ತಿತ್ತು. ಬಳೆಗೂ ತಗಡಿಗೂ ನಡುವೆ ಏನೋ ಕೂತಿತ್ತು.

ಏನು ಕೂತಿದೆ ಎಂದು ನೋಡಲು ಬಗ್ಗಿದೆ. ತಾಮ್ರದ ಅಂಚಿನ ಕೆಳಗೆ ಕನ್ನಡಿಯಂಥ ಹಸಿರು ಬಣ್ಣ. ಐದು ಕೋಟು; ಬಣ್ಣ ಕರೆಂಟನ್ನು ದಾಟಗೊಡುವುದಿಲ್ಲ. ಬೋಲ್ಟಿನ ತಿರುಪಿನ ಗೆರೆಗಳಲ್ಲಿ ಅಷ್ಟಿಷ್ಟು ಲೋಹ ತಾಗಿ ತಣ್ಣಗಿರುವಾಗ ಹೇಗೋ ಕೆಲಸ ನಡೆಯುತ್ತಿತ್ತು. ಕಾದು ಹಿಗ್ಗಿದಾಗ ಆ ಆಸರೆಯೂ ತಪ್ಪುತ್ತಿತ್ತು. ಬೋಲ್ಟಿನ ತಲೆಯ ಮೇಲೆ ಹಳದಿ ಗೀಟು ನೆಟ್ಟಗೆ, ಮುರಿಯದೆ ಇತ್ತು.

ಆ ಬಣ್ಣ ಅಲ್ಲಿಗೆ ಹೇಗೆ ಬಂತೆಂದು ನನಗೆ ಗೊತ್ತಿತ್ತು. ಬಂದ ದಿನ ನಾನು ಅಲ್ಲೇ ಇದ್ದೆ. ಬಣ್ಣ ಹೊಡೆಯುವ ಮೊದಲು ಅರ್ತ್ ಬೋಲ್ಟಿನ ಜಾಗಕ್ಕೆ ದುಂಡಗೆ ಕತ್ತರಿಸಿದ ಟೇಪು ಅಂಟಿಸುವುದು ನಮ್ಮಲ್ಲಿನ ಪದ್ಧತಿ. ಅಣ್ಣ ಅಂಟಿಸಿದ್ದ. ಏಕೆ ಅಂಟಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಂಟಿಸಬೇಕೆಂದಷ್ಟೇ ಗೊತ್ತು. ಮ್ಯಾನೇಜರ್ ಬಂದು, ಇದೇನು ಹುಣ್ಣಿಗೆ ಪಟ್ಟಿ ಹಾಕಿದ ಹಾಗೆ, ಈ ಕಾರಿನಲ್ಲಿ ಒಂದು ಚುಕ್ಕೆ ಬರಿ ತಗಡು ಕಂಡರೂ ಧಣಿ ಸುಮ್ಮನಿರುವುದಿಲ್ಲ ಎಂದು ಉಗುರಿನಲ್ಲಿ ಅದನ್ನು ಕಿತ್ತುಹಾಕಿದ್ದರು. ಅಣ್ಣ ಹೇಳಿದಂತೆ ಮಾಡಿದ. ಕಣ್ಣಿಗೆ ಬೀಳುವ ಬೋಲ್ಟುಗಳನ್ನು ಬಿಗಿದು ಗೀಟು ಎಳೆಯುವುದೂ ಬಣ್ಣದವರದೇ ಕೆಲಸ. ಅದನ್ನೂ ಅವನೇ ಮಾಡಿದ. ಬಾಯಿ ಅವರದು, ಕೈ ಅವನದು. ಚೀಟಿಗೆ ಬೇಕಾದದ್ದು ಕೈ.

ಚಹಾ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಅಪ್ಪನನ್ನು ಕರೆದು ಮೀಟರು ತೋರಿಸಿದೆ. ಅವನು ಕನ್ನಡಕ ಏರಿಸಿ ಅಂಕಿ ನೋಡಿದ, ಬಳೆ ನೋಡಿದ, ಗೀಟು ನೋಡಿದ. ಒಂಬತ್ತು ದಿನದಲ್ಲಿ ಮೊದಲ ಸಲ ಅವನ ಭುಜ ಸಡಿಲವಾಯಿತು. ತನ್ನ ಕೆಲಸದಲ್ಲಿ ತಪ್ಪಿಲ್ಲವೆಂದು ಅವನಿಗೆ ತಿಳಿದ ಕ್ಷಣ ಅದು. ಆ ಸಂತೋಷ ಅವನ ಮುಖದ ಮೇಲೆ ಎಷ್ಟು ಹೊತ್ತು ಇತ್ತೆಂದು ಯಾರಾದರೂ ಕೇಳಿದರೆ, ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಎನ್ನುತ್ತೇನೆ.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಅವನಿಗೆ?"

"ಅಣ್ಣನಿಗಾ? ಇಲ್ಲಪ್ಪ."

"ಹೇಳ್ಬೇಡ. ಹೋಗಿ ಚಹಾ ಕುಡ್ಕೊಂಡು ಬಾ."

ಹತ್ತು ನಿಮಿಷಕ್ಕೆ ನಾನು ವಾಪಸು ಬಂದಾಗ ಮ್ಯಾನೇಜರ್ ಕಾರಿನ ಪಕ್ಕದಲ್ಲಿ ನಿಂತಿದ್ದರು. ಅಪ್ಪನ ಕೈಯಲ್ಲಿ ಶಾಖದ ಸೆನ್ಸರಿನ ಕನೆಕ್ಟರು ಬಿಚ್ಚಿಕೊಂಡಿತ್ತು. ಅದರೊಳಗಿನ ಒಂದು ಪಿನ್ನು ಹಿಂದಕ್ಕೆ ಸರಿದು ಸಡಿಲವಾಗಿತ್ತು. ಹಿಂದಿನ ದಿನ ಆ ಪಿನ್ನನ್ನು ನಾನೇ ಎಳೆದು ನೋಡಿದ್ದೆ, ಉಕ್ಕಿನಂತೆ ಕೂತಿತ್ತು. ಅಪ್ಪ ತಗ್ಗಿದ ದನಿಯಲ್ಲಿ, ಪಿನ್ನು ಒತ್ತುವಾಗ ತನ್ನ ಕೈ ತಪ್ಪಿದೆ, ನಾಳೆ ಬೆಳಿಗ್ಗೆ ವೈರಿಂಗನ್ನು ಒಮ್ಮೆ ಹೊರಗೆ ತೆಗೆದು ಎಲ್ಲ ಪಿನ್ನನ್ನೂ ನೋಡಿ ಹಾಕುತ್ತೇನೆ ಎನ್ನುತ್ತಿದ್ದ. ಮ್ಯಾನೇಜರ್ ಚೀಟಿ ಬರೆದರು. ಮೂವತ್ತೊಂದು ವರ್ಷದ ಮೊದಲನೆಯ ಚೀಟಿ. ಬರೆಯುವಾಗ ಅವರ ಮುಖದಲ್ಲಿ ಹೆಸರು ಸಿಕ್ಕಿದ ನೆಮ್ಮದಿ ಇತ್ತು.

ಅವರು ಅತ್ತ ಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿದ. ಅವನ ಯೋಜನೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನಗೂ ಒಪ್ಪಿಗೆಯಾಯಿತು. ವೈರಿಂಗ್ ಹೊರಗೆ ತೆಗೆಯಬೇಕಾದರೆ ಆ ಬೋಲ್ಟು ಬಿಚ್ಚಲೇಬೇಕು. ಚೀಟಿ ಬರೆದಾಗಿದೆ, ಇನ್ನು ಗೀಟು ಮುರಿದರೆ ಕೇಳುವವರಿಲ್ಲ.

"ಬಳೆ ಕೆಳಗೆ ಒಂದ್ರೂಪಾಯಿ ಅಗಲ ಕೆರೆದ್ಬಿಡು. ಮೇಲೆ ಬಳೆ ಕೂತ್ರೆ ಯಾರಿಗೂ ಕಾಣಲ್ಲ," ಎಂದ. "ನಂಗೆ ಒಂದು ಚೀಟಿ ತಾನೆ? ಇನ್ನೂ ಎರಡು ಬಾಕಿ ಇದೆ. ಅವನಿಗೆ ಇನ್ನೊಂದು ಬಿದ್ರೆ ಮುಗೀತು ಕಣೆ."

ಮೂರು ಚೀಟಿಗೆ ಕೆಲಸ ಹೋಗುತ್ತದೆ, ಒಂದಕ್ಕೆ ಹೋಗುವುದಿಲ್ಲ. ಈ ಲೆಕ್ಕವನ್ನು ಅಪ್ಪ ನಂಬಿದ್ದ. ನಾವು ಮೂವರೂ ನಂಬಿದ್ದೆವು. ಅವರು ಮಾಡಿದ ನಿಯಮ ಅವರನ್ನೂ ಕಟ್ಟಿಹಾಕುತ್ತದೆಂದು ನಂಬುವುದು ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು.

ಶುಕ್ರವಾರ ವೈರಿಂಗ್ ಬಿಚ್ಚುವ ಮೊದಲೇ, ಹೇಳಿದ್ದಕ್ಕಿಂತ ಮೂರು ಗಂಟೆ ಮುಂಚೆ ಧಣಿ ಬಂದ. ಮ್ಯಾನೇಜರ್ ಚೀಟಿಯನ್ನು ಹರಿವಾಣದ ಮೇಲಿನ ತಾಂಬೂಲದಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಧಣಿ ಓದಿದ. ಬಾನೆಟ್ಟಿನೊಳಗೆ ಇಣುಕಿ ಬಟ್ಟೆ ಸುತ್ತಿದ ತಂತಿಯ ಕಟ್ಟನ್ನು ಬೆರಳ ತುದಿಯಿಂದ ಮುಟ್ಟಿದ, ಮುಟ್ಟಿದ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಇದೆಲ್ಲ ಒಬ್ಬನೇ ಹೆಣೆದದ್ದೋ ಎಂದು ಕೇಳಿದ. ಹೌದೆಂದರು.

"ಒಂದು ಕಡೆ ಕೈ ತಪ್ಪಿದೋನು ಇನ್ನೆಷ್ಟು ಕಡೆ ತಪ್ಪಿರಬೇಕು? ಪೂರ್ತಿ ತೆಗೆಸಿ. ಫ್ಯಾಕ್ಟರಿ ವೈರಿಂಗ್ ತರಿಸಿ ಹಾಕಿ. ಈ ಮನುಷ್ಯ ಇನ್ನು ನನ್ನ ಕಾರಿನ ಹತ್ತಿರ ಬರಬಾರದು. ಇವನು ಇಲ್ಲಿದ್ರೆ ನನ್ನ ಉಳಿದ ಕಾರುಗಳೂ ಇಲ್ಲಿಗೆ ಬರಲ್ಲ."

ಅವನು ಅಪ್ಪನನ್ನು ನೋಡಿ ಹೇಳಲೂ ಇಲ್ಲ. ಮ್ಯಾನೇಜರಿಗೆ ಹೇಳಿ, ಭಾನುವಾರ ತಪ್ಪಿಹೋಗಲಿದ್ದ ಪ್ರದರ್ಶನಕ್ಕಾಗಿ ಎರಡು ಬಿರುಸು ಮಾತಾಡಿ ಹೊರಟ. ಗೇಟಿನ ಹತ್ತಿರ ಅಪ್ಪ ಮ್ಯಾನೇಜರನ್ನು ತಡೆದು, ಒಂದೇ ಚೀಟಿಯಲ್ಲವೇ ಎಂದು ಕೇಳಿದ. ಬೇಡುವ ದನಿ ಅಲ್ಲ ಅದು. ಕೂಡಿಸಿದ್ದು ಸರಿಯಿದ್ದೂ ಮೊತ್ತ ತಪ್ಪು ಬಂದಾಗ ಕೇಳುವ ದನಿ.

"ಮೇಷ್ಟ್ರೇ, ಚೀಟಿ ನಿಯಮ ವರ್ಕ್‌ಶಾಪಿಂದು," ಎಂದರು ಮ್ಯಾನೇಜರ್. "ಕಾರು ಅವರದು."

ಸೋಮವಾರದಿಂದ ಬರಬೇಡಿ ಎಂದರು. ಅಪ್ಪನನ್ನು ವರ್ಕ್‌ಶಾಪಿನಲ್ಲಿ ಎಲ್ಲರೂ ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಗೇಟು ದಾಟಿಸುವಾಗಲೂ ಆ ಮರ್ಯಾದೆಗೆ ಕೊರತೆ ಆಗಲಿಲ್ಲ.

ಆ ಸಂಜೆ ಮನೆಯಲ್ಲಿ ನಾನು ಅಪ್ಪನ ಜೊತೆ ಜಗಳವಾಡಿದೆ. ನಿಜ ಹೇಳಿಬಿಡೋಣ, ಟೇಪು ಕಿತ್ತದ್ದು ಮ್ಯಾನೇಜರೇ ಎಂದು ಹೇಳೋಣ ಎಂದೆ. ನೋಡಿದವರು ಯಾರು ಎಂದು ಕೇಳಿದ. ನಾನು ಎಂದೆ. ನೀನು ಯಾರ ಮಗಳು, ಯಾರ ತಂಗಿ ಎಂದು ಕೇಳಿದ. ಪಕ್ಕದ ಕೋಣೆಯಲ್ಲಿ ಅತ್ತಿಗೆ ಎಂಟು ತಿಂಗಳ ಮಗುವನ್ನು ಮಲಗಿಸುತ್ತಿದ್ದಳು. ಅಪ್ಪ ದನಿ ಇನ್ನೂ ತಗ್ಗಿಸಿ, ತನಗೆ ಉಳಿದದ್ದು ಮೂರು ವರ್ಷದ ಕೆಲಸ, ಅವನಿಗೆ ಉಳಿದದ್ದು ಮೂವತ್ತು ವರ್ಷದ್ದು ಎಂದ. ತನಗೆ ಉಳಿದದ್ದು ಇನ್ನೊಂದಿತ್ತು ಎಂಬುದನ್ನು ಅವನು ಹೇಳಲಿಲ್ಲ. ಮೇಷ್ಟ್ರ ಕೈ ಅಂಥ ತಪ್ಪು ಮಾಡುವುದಲ್ಲ ಎಂದು ತಗಡು ಬಡಿಯುವವನೂ, ಎಂಜಿನ್ನಿನವನೂ, ಸೀಟು ಹೊಲಿಯುವವಳೂ ಇನ್ನೂ ವಾದಿಸುತ್ತಿದ್ದರು. ಅಪ್ಪನಿಗೆ ಉಳಿದ ಆಸ್ತಿ ಅದೊಂದೇ.

ಆದರೂ ಸೋಮವಾರ ಬೆಳಿಗ್ಗೆ ನಾನು ಮ್ಯಾನೇಜರ ಕೋಣೆಗೆ ಹೋದೆ. ಎದೆಯಲ್ಲಿ ಇಟ್ಟುಕೊಂಡು ಬದುಕಲಾಗುವುದಿಲ್ಲ ಎನಿಸಿತ್ತು.

"ಸಾರ್, ಅದು ವೈರಿಂಗ್ ತಪ್ಪಲ್ಲ."

ಅವರು ತಲೆ ಎತ್ತಲಿಲ್ಲ. ಚೀಟಿ ಪುಸ್ತಕವನ್ನು ಹತ್ತಿರ ಎಳೆದುಕೊಂಡು, ಪೆನ್ನಿನ ಟೋಪಿ ತೆಗೆದರು.

"ಮತ್ತೆ? ಯಾರ ಕೈ?"

ಕೋಣೆಗೆ ಗಾಜಿನ ಗೋಡೆ. ಆಚೆ ಅಣ್ಣ ಮೂಗಿಗೆ ಮಾಸ್ಕು ಕಟ್ಟಿ, ಇನ್ನೊಂದು ಕಾರಿನ ಬಾಗಿಲಿಗೆ ಪಾಲಿಶ್ ಹಿಡಿಯುತ್ತಿದ್ದ. ಪೆನ್ನು ಕಾಗದದ ಮೇಲೆ ಕಾದಿತ್ತು. ನಿಮ್ಮ ಬಾಯಿ ಎಂದು ಹೇಳಬೇಕಿತ್ತು. ಆ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದರೆ ಅವರು ಅದನ್ನು ಬರೆಯುವ ಸಾಲು ಆ ಪುಸ್ತಕದ ಯಾವ ಹಾಳೆಯಲ್ಲೂ ಇರಲಿಲ್ಲ. ಬರೆಯುವ ಸಾಲಿನಲ್ಲಿ ಬರುವ ಹೆಸರು ಒಂದೇ.

"ಏನಿಲ್ಲ ಸಾರ್," ಎಂದೆ.

"ಅಪ್ಪನ ಮೇಲೆ ಪ್ರೀತಿ ಇರತ್ತೆ, ತಪ್ಪಲ್ಲ," ಎಂದು ಅವರು ಪೆನ್ನು ಮುಚ್ಚಿದರು. "ಹೋಗು, ಕೆಲಸ ನೋಡು."

ಹೊಸ ವೈರಿಂಗ್ ಮೂರು ವಾರಕ್ಕೆ ಬಂತು. ಅಪ್ಪ ಹೆಣೆದದ್ದನ್ನು ಬಿಚ್ಚುವ ಕೆಲಸ ನನ್ನದೇ ಆಯಿತು. ಒಂದು ತಂತಿಯೂ ಇನ್ನೊಂದರ ಮೇಲೆ ಹತ್ತಿರಲಿಲ್ಲ. ತಿರುವಿನಲ್ಲಿ ಪ್ರತಿಯೊಂದಕ್ಕೂ ಅದರದೇ ಸಡಿಲ ಬಿಟ್ಟಿದ್ದ. ಟೇಪಿನ ಸುತ್ತು ಮೊದಲಿಂದ ಕೊನೆಯವರೆಗೆ ಒಂದೇ ಅಳತೆ. ಅದನ್ನು ಗುಜರಿ ಡ್ರಮ್ಮಿಗೆ ತುಂಬಲು ಹೇಳಿದರು. ಡ್ರಮ್ಮಿಗೆ ಇಳಿಯಲಿಲ್ಲ, ಕಾಲಿನಿಂದ ತುಳಿದು ಇಳಿಸಬೇಕಾಯಿತು. ತುಳಿದೆ.

ಕೊನೆಗೆ ಉಳಿದದ್ದು ಅರ್ತ್ ಬೋಲ್ಟು. ಸ್ಪ್ಯಾನರ್ ಹಾಕಿ ತಿರುಗಿಸಿದೆ, ಗೀಟು ಮುರಿಯಿತು. ಬಳೆ ಎತ್ತಿದರೆ ಕೆಳಗೆ ಅಣ್ಣನ ಬಣ್ಣ, ಒಂದು ಗೆರೆಯಿಲ್ಲದೆ, ನನ್ನ ಮುಖ ಕಾಣುವಷ್ಟು ನುಣುಪಾಗಿ.

ಅಲ್ಲಿ ನಿಂತು ನಾನು ಎರಡೂ ದಾರಿಗಳನ್ನು ಕೊನೆಯವರೆಗೆ ನಡೆದು ನೋಡಿದೆ. ಕೆರೆಯದೆ ಹೊಸ ಬಳೆಯನ್ನು ಬಣ್ಣದ ಮೇಲೇ ಬಿಗಿದರೆ ಕಾರು ಮತ್ತೆ ಸಾಯುತ್ತದೆ. ಫ್ಯಾಕ್ಟರಿ ವೈರಿಂಗ್ ಹಾಕಿದರೂ ಸತ್ತಿತು, ಹಾಗಾದರೆ ಮೇಷ್ಟ್ರ ತಪ್ಪಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ. ಆಮೇಲೆ ಹೊರಗಿನಿಂದ ಯಾರನ್ನಾದರೂ ಕರೆಸುತ್ತಾರೆ. ಅವನು ಮೀಟರು ಹಿಡಿದು ಒಂದು ದಿನದಲ್ಲೋ ಎರಡು ದಿನದಲ್ಲೋ ಈ ಬೋಲ್ಟಿಗೆ ಬಂದು ನಿಲ್ಲುತ್ತಾನೆ. ಅಣ್ಣನಿಗೆ ಮೂರನೆಯ ಚೀಟಿ. ಹೋದ ಅಪ್ಪ ವಾಪಸು ಬರುವುದಿಲ್ಲ; ಹೋದವರನ್ನು ವಾಪಸು ಕರೆದದ್ದು ಆ ಗೇಟಿನ ಚರಿತ್ರೆಯಲ್ಲೇ ಇಲ್ಲ. ಕೆರೆದರೆ ಕಾರು ಓಡುತ್ತದೆ. ಓಡಿದರೆ ಅಪ್ಪನೇ ತಪ್ಪಿತಸ್ಥ ಎಂಬುದಕ್ಕೆ ಕಾರೇ ಸಾಕ್ಷಿ ಹೇಳುತ್ತದೆ, ದಿನವೂ ಹೇಳುತ್ತದೆ, ಅದರ ಎಂಜಿನ್ ಇರುವವರೆಗೂ ಹೇಳುತ್ತದೆ.

ಅರದಿಂದ ಒಂದು ರೂಪಾಯಿ ಅಗಲ ಕೆರೆದೆ. ಹಸಿರು ಹೋಯಿತು, ಅದರ ಕೆಳಗಿನ ಬೂದುಬಣ್ಣವೂ ಹೋಯಿತು, ಬೆಳ್ಳಗೆ ತಗಡು ಕಂಡಿತು. ಬಳೆ ಕೂರಿಸಿ ಬಿಗಿದೆ. ಅಣ್ಣನೇ ಬಂದು ಬೋಲ್ಟಿನ ಮೇಲೆ ಹೊಸ ಗೀಟು ಎಳೆದು, ನನ್ನ ತಲೆಯ ಮೇಲೆ ಮೊಟಕಿ ಹೋದ.

ಕಾರು ಒಂದೂವರೆ ಗಂಟೆ ಓಡಿತು. ಮ್ಯಾನೇಜರ್ ಗಡಿಯಾರ ಹಿಡಿದು ನಿಂತಿದ್ದರು. ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಉಸಿರು ಬಿಗಿಹಿಡಿದರು, ನಲವತ್ತಕ್ಕೆ ಯಾರೋ ಚಪ್ಪಾಳೆ ತಟ್ಟಿದರು. ಎಂಜಿನ್ನು ತಣ್ಣಗಿದ್ದಾಗಿನ ಅದೇ ದನಿಯಲ್ಲಿ ಗುನುಗುತ್ತಲೇ ಇತ್ತು. ಮೇಷ್ಟ್ರ ಪರವಾಗಿ ಮೂರು ವಾರ ವಾದಿಸಿದ್ದ ತಗಡು ಬಡಿಯುವವನು ತನ್ನ ಸುತ್ತಿಗೆ ಎತ್ತಿಕೊಂಡು ಹೋದ. ಸೀಟು ಹೊಲಿಯುವವಳು ನನ್ನ ಭುಜ ಮುಟ್ಟಿ, ವಯಸ್ಸಾದ ಮೇಲೆ ಯಾರ ಕೈಯಾದರೂ ಹಾಗೇ, ಬೇಜಾರು ಮಾಡಿಕೊಳ್ಳಬೇಡ ಎಂದಳು. ಅವಳ ಮಾತಿನಲ್ಲಿದ್ದ ಕರುಣೆ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಸಂಜೆ ನಾವು ಮನೆ ತಲುಪಿದಾಗ ಅಪ್ಪ ಬಾಗಿಲಲ್ಲಿ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದ. ಓಡಿತೇ ಎಂದು ನನ್ನನ್ನು ಕೇಳಿದ. ಓಡಿತು ಎಂದೆ. ಎಷ್ಟು ಹೊತ್ತು ಎಂದ. ಒಂದೂವರೆ ಗಂಟೆ ಎಂದೆ. ಸೊನ್ನೆ ತೋರಿಸಿತೇ ಎಂದು ಕೇಳಿದ. ಹೂಂ, ಬಿಸಿಯಲ್ಲೂ ಸೊನ್ನೆ ಎಂದೆ. ಅವನು ತಲೆಯಾಡಿಸಿದ. ಕೆಲಸ ಚೆನ್ನಾಗಿ ಆಗಿದೆಯೆಂದು ಕೇಳಿದಾಗ ಮೂವತ್ತೊಂದು ವರ್ಷದಿಂದ ಆಡಿಸುತ್ತಿದ್ದ ಹಾಗೆಯೇ.

ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು, ಅಪ್ಪನ ಪಕ್ಕದಲ್ಲಿ ನಿಂತ. ಬೆಳಿಗ್ಗೆಯಿಂದ ಅವನು ಏನನ್ನೋ ಹೇಳಲು ತಯಾರಿ ಮಾಡಿಕೊಳ್ಳುತ್ತಿದ್ದುದನ್ನು ನಾನು ಗಮನಿಸಿದ್ದೆ.

"ಅಪ್ಪಾ, ನೀನು ಮನಸ್ಸಿಗೆ ಹಚ್ಕೋಬೇಡ," ಎಂದ. "ನಿನ್ನ ಕೈ ಒಂದು ವರ್ಷದಿಂದ ನಡುಗ್ತಾ ಇತ್ತು. ನಾನು ನೋಡ್ತಿದ್ದೆ. ಹೇಳೋಕೆ ಮನಸ್ಸು ಬರ್ಲಿಲ್ಲ. ಆಗ್ಲೇ ಹೇಳಿದ್ರೆ ನಿಂಗೆ ಈ ಅವಮಾನ ತಪ್ತಿತ್ತೇನೋ. ನನ್ನದೇ ತಪ್ಪು."

ಮಗು ಅಪ್ಪನ ಬೆರಳನ್ನು ಹಿಡಿದುಕೊಂಡಿತ್ತು. ಆ ಕೈ ಗೋಡೆಗೆ ಹೊಡೆದ ಗೂಟದ ಹಾಗೆ ನಿಶ್ಚಲವಾಗಿತ್ತು. ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡಿದ, ಒಮ್ಮೆ ಮಾತ್ರ.

"ಹೂಂ ಕಣಪ್ಪಾ," ಎಂದು ಅಣ್ಣನಿಗೆ ಹೇಳಿದ. "ನಡುಗ್ತಿತ್ತು."

ಅಣ್ಣ ದೊಡ್ಡದೊಂದು ಉಸಿರು ಬಿಟ್ಟ. ಎಷ್ಟೋ ದಿನದ ಭಾರ ಇಳಿದವನಂತೆ ಕೈಕಾಲು ತೊಳೆದು ಬಂದು, ಅತ್ತಿಗೆಯನ್ನು ಕೂಗಿ, ಹಸಿವಾಗಿದೆ ಎಂದ.